ಎಪ್ಪತ್ತೆರಡು ಮಕ್ಕಳು ಮೀನಾದ ಸೋಮವಾರ

ಬೆಳಗಿನ ಐದೂವರೆ. ಯೂನಿವರ್ಸಿಟಿಯ ದೊಡ್ಡ ಗೇಟಿನಲ್ಲಿ ಕಾವಲುಗಾರ ಆಕಳಿಸಲು ಬಾಯಿ ತೆರೆಯುತ್ತಾನೆ. ಆ ಬಾಯಿ ಮುಚ್ಚುವಷ್ಟರಲ್ಲಿ ಪೀಪಿ ಅಕ್ಕ ಸೈಕಲ್ ನಿಲ್ಲಿಸಿ ಆಟದ ಬಯಲಿನ ಅರ್ಧ ಸುತ್ತು ಮುಗಿಸಿರುತ್ತಾರೆ. ಎಡಗೈಯಲ್ಲಿ ಬಕೆಟ್ಟು, ಬಲಗೈಯಲ್ಲಿ ಉದ್ದನೆ ಕೋಲು, ಕೊರಳಲ್ಲಿ ದಾರಕ್ಕೆ ಕಟ್ಟಿದ ಹಿತ್ತಾಳೆಯ ಪೀಪಿ. ಹುಲ್ಲಿನಲ್ಲಿ ಸಿಕ್ಕ ಗಾಜಿನ ಚೂರು, ಬಾಟಲಿ ಮುಚ್ಚಳ, ಗುಂಡುಸೂಜಿ ಎಲ್ಲಾ ಬಕೆಟ್ಟಿಗೆ ಹೋಗುತ್ತವೆ. ಕೋಲಿನಿಂದ ಕಲ್ಲುಬೆಂಚಿನ ಅಡಿ ಮೆಲ್ಲಗೆ ಕೆದಕಿ ನೋಡುತ್ತಾರೆ, ಕಣಜದ ಹುಳ ರಾತ್ರೋರಾತ್ರಿ ಮನೆ ಕಟ್ಟಿಕೊಂಡಿದೆಯೋ ಅಂತ. ಹೋದ ವರ್ಷ ಹಾಗೆ ಕಟ್ಟಿಕೊಂಡಿದ್ದ ಗೂಡು ಎಷ್ಟು ದೊಡ್ಡದಿತ್ತೆಂದರೆ ಅದಕ್ಕೊಂದು ಬಾಗಿಲ ನಂಬರ್ ಕೊಡಬೇಕಿತ್ತಂತೆ.

ಬಯಲು ಮುಗಿದ ಮೇಲೆ ಹಾಲಿನ ಸರದಿ. ಹಾಲ್ ಎಂದರೆ ದೊಡ್ಡವರು ಕೂತು ಪಾಠ ಕೇಳಲು ಕಟ್ಟಿದ, ಮೆಟ್ಟಿಲು ಮೆಟ್ಟಿಲಾಗಿ ಏರುವ ಕೋಣೆ. ಅಲ್ಲಿ ಕೂತರೆ ಆರು ವರ್ಷದ ಮಗುವಿನ ಕಾಲು ನೆಲ ಮುಟ್ಟುವುದಿಲ್ಲ, ಜೋತಾಡಿ ಜೋಮು ಹಿಡಿಯುತ್ತದೆ. ಅದಕ್ಕೆ ಅಕ್ಕ ಯೂನಿವರ್ಸಿಟಿಯ ಹಳೆಯ ವಾರ್ಷಿಕ ವರದಿಗಳ ಕಟ್ಟುಗಳನ್ನು ತಂದು ಒಂದೊಂದು ಸೀಟಿನ ಕೆಳಗೆ ಒಂದೊಂದು ಇಡುತ್ತಾರೆ. "ಬರೆದೋರೂ ಓದಿಲ್ಲ, ಬರೆಸಿದೋರೂ ಓದಿಲ್ಲ. ಮಕ್ಕಳ ಕಾಲಿಗಾದ್ರೂ ಆಸರೆ ಆಗ್ಲಿ" ಅನ್ನುತ್ತಾರೆ. ಕೈ ತೊಳೆಯುವ ನಲ್ಲಿಗಳೂ ಎತ್ತರ, ಅವುಗಳ ಮುಂದೆ ಮಣೆ ಸಾಲಾಗಿ ಬೀಳುತ್ತವೆ. ಕೊನೆಗೆ ಲಿಫ್ಟಿನ ಬಾಗಿಲಿಗೆ ಒಂದು ದೈತ್ಯ ಹಲ್ಲಿಯ ಚಿತ್ರ ಅಂಟಿಸುತ್ತಾರೆ. ಅದನ್ನು ಕಂಡರೆ ಯಾವ ಮಗುವೂ ಲಿಫ್ಟಿನ ಹತ್ತಿರ ಸುಳಿಯುವುದಿಲ್ಲ. ಹೋದ ಬೇಸಿಗೆಯಲ್ಲಿ ಒಬ್ಬ ಪ್ರೊಫೆಸರೂ ಸುಳಿಯದೆ ನಾಲ್ಕು ಮಹಡಿ ಹತ್ತಿಯೇ ಹೋದರಂತೆ.

ಎಂಟು ಗಂಟೆಗೆ ಮಕ್ಕಳು ಬರುತ್ತಾರೆ. ಆರರಿಂದ ಹನ್ನೊಂದು ವರ್ಷದೊಳಗಿನ ಎಪ್ಪತ್ತೆರಡು ಮಕ್ಕಳು. ಇದು ಬೇಸಿಗೆ ಶಿಬಿರ, ನಾಲ್ಕು ವಾರ, ದಿನಾ ಎಂಟರಿಂದ ನಾಲ್ಕು.

ವರ್ಷದ ಮಿಕ್ಕ ಹನ್ನೊಂದು ತಿಂಗಳು ಪೀಪಿ ಅಕ್ಕ ಸಸ್ಯಶಾಸ್ತ್ರ ವಿಭಾಗದಲ್ಲಿ ಅಟೆಂಡರ್. ಗಾಜಿನ ಕೊಳವೆ ತೊಳೆಯುವುದು, ಒಣಗಿಸುವುದು, ಜೋಡಿಸುವುದು. ಈಗ ಅವರಿಗೆ ಐವತ್ತಾರು. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಬೇಸಿಗೆ, ಶಾಲೆಗೆ ರಜೆ, ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಎಂಟು ವರ್ಷದ ಮಗಳನ್ನು ಕರೆತಂದು ಲ್ಯಾಬಿನ ಮೇಜಿನ ಕೆಳಗೆ ಕೂರಿಸಿದರು. ಮರುದಿನ ನಾದಿನಿಯ ಇಬ್ಬರು ಗಂಡುಮಕ್ಕಳೂ ಅದೇ ಮೇಜಿನಡಿ ಸೇರಿದರು. ಮೂರನೇ ದಿನ ವಿಭಾಗದ ಮುಖ್ಯಸ್ಥರು ಪೆನ್ನು ಬಿತ್ತೆಂದು ಬಗ್ಗಿದರೆ ಆರು ಕಣ್ಣು ಪಿಳಿಪಿಳಿ ನೋಡುತ್ತಿವೆ. ಕೆಲಸ ಹೋಯಿತು ಅಂದುಕೊಂಡರು ಅಕ್ಕ. ಮುಖ್ಯಸ್ಥರು ಪೆನ್ನು ತೆಗೆದುಕೊಂಡು ಎದ್ದು, ಪಕ್ಕದ ಕ್ಲಾಸ್‌ರೂಮು ಬೇಸಿಗೆಯಲ್ಲಿ ಖಾಲಿ ಇರುತ್ತದಲ್ಲ, ಮೇಜಿನ ಕೆಳಗೆ ಯಾಕೆ ಅಂದರು. ಅಷ್ಟೇ ಮಾತು. ಸುದ್ದಿ ಕಾಲಿಲ್ಲದೆ ಓಡಿತು. ವಾರದೊಳಗೆ ಹಾಸ್ಟೆಲ್ ಅಡುಗೆಯವರ ಮಕ್ಕಳು, ಗುಮಾಸ್ತರ ಮಕ್ಕಳು, ಮೇಡಂಗಳ ಮಕ್ಕಳು ಎಲ್ಲಾ ಸೇರಿ ಹತ್ತೊಂಬತ್ತಾದವು. ಶಿಬಿರ ಶುರುವಾಗಿದ್ದು ಹೀಗೆ.

ಅಂದಿನಿಂದ ಅಕ್ಕ ವರ್ಷದ ರಜೆಯನ್ನೆಲ್ಲ ಕೂಡಿಟ್ಟು ಈ ನಾಲ್ಕು ವಾರಕ್ಕೇ ಸುರಿಯುತ್ತಾರೆ. ನೆಂಟರ ಮದುವೆಗಳೆಲ್ಲ ಬೇಸಿಗೆಯಲ್ಲೇ ಬರುತ್ತವೆ, ಒಂದಕ್ಕೂ ಹೋಗಲಾಗಿಲ್ಲ. "ನಮ್ಮತ್ತಿಗೆ ಕೊನೇ ಸಲ ಹೋದ ಮದುವೆ ಅವರದ್ದೇ" ಅಂತ ನಾದಿನಿ ಸಿಕ್ಕವರಿಗೆಲ್ಲ ಹೇಳುತ್ತಾರೆ. ಶಿಬಿರದ ನೀರು, ಹಣ್ಣು, ಬ್ರೆಡ್ಡು, ಗಾಯಕ್ಕೆ ಪಟ್ಟಿ, ಕಳೆದುಹೋದ ಟೋಪಿಗಳ ಪೆಟ್ಟಿಗೆ ಎಲ್ಲಾ ಈ ನಾದಿನಿಯ ಸುಪರ್ದಿ. ಇಬ್ಬರೂ ದಿನವಿಡೀ ಜಗಳವಾಡುತ್ತಾರೆ, ಸಂಜೆ ಒಂದೇ ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಾರೆ.

ದಿನದ ಲೆಕ್ಕ ಕೇಳಿದರೆ ಅಕ್ಕ ಬೆರಳು ಮಡಚಿ ಹೇಳುತ್ತಾರೆ. ನಲವತ್ತು ಲೀಟರ್ ನೀರು. ಕಮ್ಮಿಯೆಂದರೂ ನೂರು ಸಲ ಬೂಟಿನ ಲೇಸು ಕಟ್ಟುವುದು. ಆರು ಮೊಣಕಾಲು ಗಾಯ, ಅದರಲ್ಲಿ ನಾಲ್ಕು ನಿಜದ್ದು, ಎರಡು ಪಟ್ಟಿಯ ಆಸೆಗೆ. ಮತ್ತೆ ಮಕ್ಕಳನ್ನು ಎಣಿಸುವುದು, ದಿನಕ್ಕೆ ಹನ್ನೊಂದು ಸಲ. ಒಂದು ಬಾಗಿಲು ದಾಟಿದರೆ ಒಂದು ಎಣಿಕೆ. ನಿದ್ದೆಯಲ್ಲೂ ಎಣಿಸುತ್ತಾರೆ ಅಂತ ಮನೆಯಲ್ಲಿ ದೂರು. ಅವತ್ತು ಮೇಜಿನ ಕೆಳಗೆ ಕೂತಿದ್ದ ಮಗಳು ಈಗ ಬಸ್ ಕಂಡಕ್ಟರ್. "ತಲೆ ಎಣಿಸೋದು ನಮ್ಮ ಮನೆಗೆ ಅಂಟಿದ ರೋಗ" ಅನ್ನುವಾಗ ಅಕ್ಕನ ಮುಖ ಅರಳುತ್ತದೆ.

ಎಲ್ಲ ಮಕ್ಕಳ ಕಥೆ ಹೇಳಹೊರಟರೆ ಬೇಸಿಗೆ ಮುಗಿದುಹೋಗುತ್ತದೆ, ಒಬ್ಬಳದು ಸಾಕು. ಆರು ವರ್ಷದ ಒಂದು ಹುಡುಗಿ. ಹಾಸ್ಟೆಲ್ಲಿನ ಅಡುಗೆಯಮ್ಮನ ಮಗಳು. ಶಿಬಿರದಲ್ಲಿ ಅವಳ ಹೆಸರು ಗುಡುಗು. ಅವಳು ಗುಟ್ಟು ಹೇಳಿದರೆ ನೀರಿನ ಟ್ಯಾಂಕಿನ ಮೇಲಿನ ಪಾರಿವಾಳಗಳು ಏಳುತ್ತವೆ. ಒಮ್ಮೆ ಬಯಲಿನಲ್ಲಿ ನಿಂತು "ಅಮ್ಮಾ" ಅಂತ ಕರೆದಳಂತೆ, ಹೊರಗೆ ರಸ್ತೆಯಲ್ಲಿ ಬಸ್ಸು ನಿಂತು ಮೂವರು ಹೆಂಗಸರು ಇಳಿದರಂತೆ.

ಈ ಸಲ ಸಂಕಟ ಬಂದಿದ್ದು ಸದ್ದಿನ ದೆಸೆಯಿಂದಲೇ.

ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದುವ ಕೆಲಸ ಪ್ರತಿ ವರ್ಷ ಮುಖ್ಯ ಕಟ್ಟಡದಲ್ಲಿ ನಡೆಯುತ್ತಿತ್ತು. ಈ ವರ್ಷ ಅದರ ಸೂರು ರಿಪೇರಿ. ಹಾಗಾಗಿ ಶಿಬಿರದ ಎರಡನೇ ವಾರ ಮೂವತ್ತೊಂದು ಜನ ಮೇಷ್ಟ್ರುಗಳನ್ನು ಶಿಬಿರದ ಹಾಲಿನ ಎದುರಿಗಿನ ಕಟ್ಟಡಕ್ಕೆ ತಂದು ಕೂರಿಸಿದ್ದರು. ನಡುವೆ ಒಂದು ಹುಲ್ಲುಹಾಸು ಅಷ್ಟೇ. ಒಂದು ವಾರ ಯಾರೂ ಏನೂ ಅನ್ನಲಿಲ್ಲ. ಶುಕ್ರವಾರ ಹನ್ನೊಂದು ಗಂಟೆಗೆ, ಎಪ್ಪತ್ತೆರಡು ಮಕ್ಕಳು ಹಣ್ಣಿಗಾಗಿ ಹಾಲಿನಿಂದ ನುಗ್ಗುವ ಹೊತ್ತಿಗೆ ಸರಿಯಾಗಿ, ಪರೀಕ್ಷೆ ಸಾಹೇಬರು ತಪಾಸಣೆಗೆ ಬಂದರು. ಪರೀಕ್ಷಾ ವಿಭಾಗಕ್ಕೆಲ್ಲ ಅವರೇ ಹಿರಿಯ ಅಧಿಕಾರಿ. ಕೆಟ್ಟವರಲ್ಲ, ಕಾಗದದ ಮನುಷ್ಯ. ಸಂಜೆ ಅಕ್ಕನನ್ನು ಕರೆಸಿದರು.

"ನೋಡಮ್ಮಾ, ಸೋಮವಾರದಿಂದ ಒಬ್ಬ ಮೇಷ್ಟ್ರು ಒಂದು ದೂರು ಕೊಟ್ರೂ ಸಾಕು. ಅವತ್ತೇ ಹಾಲಿಗೆ ಬೀಗ ಹಾಕಿಸ್ತೀನಿ."

ಶಿಬಿರ ಇನ್ನೂ ಎರಡು ವಾರ ಇತ್ತು. ಶನಿವಾರವೆಲ್ಲ ಅಕ್ಕ ಬೇರೆ ಜಾಗಕ್ಕೆ ಅಲೆದರು. ಒಳಾಂಗಣ ಮೈದಾನದಲ್ಲಿ ಪಂದ್ಯ, ಕ್ಯಾಂಟೀನಿನಲ್ಲಿ ಸುಣ್ಣಬಣ್ಣ, ಲೈಬ್ರರಿಯವರನ್ನಂತೂ ಕೇಳುವ ಧೈರ್ಯ ಆಗಲಿಲ್ಲ. ಗುಡುಗಿನ ಅಮ್ಮ ದಾರಿಯಲ್ಲಿ ಸಿಕ್ಕು, ಶಿಬಿರ ನಿಂತರೆ ಮಗಳನ್ನು ಉಗ್ರಾಣದಲ್ಲಿ ಕೂರಿಸಿ ಚಿಲಕ ಹಾಕಿಕೊಳ್ಳಬೇಕು, ಕುದಿಯುವ ಹಂಡೆಗಳ ನಡುವೆ ಬಿಡುವುದಕ್ಕಾಗುತ್ತದೆಯೇ ಅಂದಳು. ಆ ಚಿಲಕದ ಮಾತು ಅಕ್ಕನ ಎದೆಗೆ ನಾಟಿತು. ಎಪ್ಪತ್ತೆರಡು ಮಕ್ಕಳಿಗೆ ಎಪ್ಪತ್ತೆರಡು ಚಿಲಕ.

ಸೋಮವಾರ ಎಂಟು ಗಂಟೆಗೆ ಅವರು ಮಕ್ಕಳನ್ನು ಹುಲ್ಲಿನ ಮೇಲೆ ಕೂರಿಸಿ, ತಗ್ಗಿದ ದನಿಯಲ್ಲಿ ಹೇಳಿದರು, "ಇವತ್ತು ನಾವೆಲ್ಲ ಕೆರೆ ತಳದಲ್ಲಿದ್ದೀವಿ. ನಾವೆಲ್ಲ ಮೀನು. ಬಾಯಿ ತೆಗೀಬಹುದು, ಮುಚ್ಚಬಹುದು. ಸದ್ದು ಬಂದ್ರೆ ಮಾತ್ರ ನೀರು ಕುಡಿದುಬಿಡ್ತೀರಿ."

ಒಬ್ಬ ಹುಡುಗ ಎದ್ದು, ಮೀನಿಗೆ ಒಂದಕ್ಕೆ ಬಂದರೆ ಹೇಗೆ ಕೇಳುತ್ತದೆ ಅಂದ. ಬಾಲ ಅಲ್ಲಾಡಿಸಬೇಕು ಅಂತ ತೀರ್ಮಾನವಾಯಿತು. ಬೆನ್ನ ಹಿಂದೆ ಅಂಗೈ ಇಟ್ಟು ಬೀಸುವುದೇ ಬಾಲ. ಐದು ನಿಮಿಷದಲ್ಲಿ ಇಪ್ಪತ್ತು ಬಾಲ ಅಲ್ಲಾಡಿದವು.

ಆದರೆ ಮಕ್ಕಳ ಗಂಟಲು ಅಂದರೆ ಹಾಲಿನ ಪಾತ್ರೆ ಇದ್ದಹಾಗೆ, ತಟ್ಟೆ ಮುಚ್ಚಿಟ್ಟರೂ ಉಕ್ಕುತ್ತದೆ. ಅದಕ್ಕೂ ಅಕ್ಕ ಉಪಾಯ ಮಾಡಿದ್ದರು. ಬಯಲಿನ ಆಚೆ ಕೊನೆಗೆ ಪಂಪ್‌ಹೌಸ್ ಇದೆ. ಅದರ ಮೋಟಾರು ತಿರುಗುತ್ತಿದ್ದರೆ ಬಾಗಿಲಲ್ಲಿ ಆನೆ ಘೀಳಿಟ್ಟರೂ ಕೇಳದು. ಯಾವ ಮೀನಿಗೆ ತಡೆಯಲಾಗದೋ ಅದು ಎರಡೂ ಕೆನ್ನೆ ಉಬ್ಬಿಸಿ ತೋರಿಸಬೇಕು. ನಾದಿನಿ ಅದನ್ನು ಪಂಪ್‌ಹೌಸಿನ ಬಾಗಿಲಿಗೆ ಕರೆದೊಯ್ದು, ಮನಸಾರೆ ಕೂಗಿಸಿ, ಮೂಗು ಒರೆಸಿ ವಾಪಸ್ ತರಬೇಕು. ಹನ್ನೆರಡರೊಳಗೆ ಮೂವತ್ತೆಂಟು ಮಕ್ಕಳು ಹೋಗಿ ಕೂಗಿ ಬಂದವು. ಗುಡುಗು ಒಬ್ಬಳೇ ಒಂಬತ್ತು ಸಲ. ನಾದಿನಿಯೂ ಎರಡು ಸಲ ಕೂಗಿದರಂತೆ, ಯಾರನ್ನು ನೆನೆದು ಅಂತ ಹೇಳಲಿಲ್ಲ.

ಹನ್ನೊಂದರ ಹಣ್ಣು ಹನಿ ಸದ್ದಿಲ್ಲದೆ ಮುಗಿಯಿತು. ಎಪ್ಪತ್ತೆರಡು ಬಾಯಿಗಳು ಬಾಳೆಹಣ್ಣು ತಿಂದವು, ಹುಲ್ಲಿನ ಮೇಲೆ ನೆರಳು ಸರಿದಹಾಗಿತ್ತು. ಎದುರಿನ ಕಟ್ಟಡದಿಂದ ಯಾರೂ ಹೊರಗೆ ಬರಲಿಲ್ಲ. ಗೆದ್ದೆವು ಅಂದುಕೊಂಡರು ಅಕ್ಕ.

ಹನ್ನೆರಡೂವರೆಗೆ ಎಣಿಕೆ. ಒಂದರಿಂದ ಶುರು ಮಾಡಿ ಎಪ್ಪತ್ತೊಂದಕ್ಕೆ ಬಂದು ನಿಂತರು. ಮುಂದೆ ಯಾರೂ ಇಲ್ಲ. ಮತ್ತೆ ಎಣಿಸಿದರು, ಮತ್ತೆ ಎಪ್ಪತ್ತೊಂದು. ಇಪ್ಪತ್ತೆರಡು ವರ್ಷದಲ್ಲಿ ಒಂದು ತಲೆ ಕಮ್ಮಿಯಾದಾಗಲೆಲ್ಲ ಕೈ ಏನು ಮಾಡುತ್ತಿತ್ತೋ ಅದನ್ನೇ ಮಾಡಿತು. ಯೋಚನೆ ಬರುವ ಮೊದಲೇ, ಬೆನ್ನ ಹಿಂದಕ್ಕೆ ಸರಿಸಿಕೊಂಡಿದ್ದ ಪೀಪಿ ತುಟಿಗೆ ಬಂದಿತ್ತು.

ಊದಿದರು. ಉದ್ದಕ್ಕೆ, ಉಸಿರು ಮುಗಿಯುವ ತನಕ.

ಪಾರಿವಾಳ ಎದ್ದವು. ಎಪ್ಪತ್ತೊಂದು ಮೀನುಗಳು ಬಾಯಿ ತೆರೆದುಕೊಂಡು ಅಕ್ಕನನ್ನೇ ನೋಡಿದವು. ಅತ್ತ ಪಂಪ್‌ಹೌಸಿನ ಮೂಲೆಯಿಂದ, ಹತ್ತನೇ ಸಲ ಕೂಗಿ ಮುಗಿಸಿದ ಗುಡುಗಿನ ಕೈ ಹಿಡಿದುಕೊಂಡು ನಾದಿನಿ ಓಡೋಡಿ ಬಂದರು. "ಮಕ್ಕಳೆಲ್ಲ ಬಾಯಿ ಕಟ್ಕೊಂಡಿವೆ, ನಿಮಗೊಬ್ಬರಿಗೆ ಆಗ್ಲಿಲ್ವಾ ಅತ್ತಿಗೆ?" ಅಂದರು. ಅಷ್ಟರಲ್ಲಿ ಎದುರಿನ ಕಟ್ಟಡದ ಬಾಗಿಲು ತೆರೆಯಿತು. ಮುಂದೆ ಪರೀಕ್ಷೆ ಸಾಹೇಬರು, ಅವರ ಕೈಯಲ್ಲಿ ಒಂದು ಕಾಗದ. ಹಿಂದೆ ಮೇಷ್ಟ್ರುಗಳ ಹಿಂಡು.

ಅಕ್ಕ ಎದುರು ಹೋಗಿ ನಿಂತು, ತಪ್ಪು ತನ್ನದು, ಮಕ್ಕಳದಲ್ಲ ಅಂದರು. ಸಾಹೇಬರು ಅದನ್ನು ಕೇಳಿಸಿಕೊಳ್ಳಲೇ ಇಲ್ಲ.

"ಮಕ್ಕಳಿಗೆ ಏನಾಯ್ತಮ್ಮಾ?"

"ಏನೂ ಆಗಿಲ್ಲ ಸಾರ್. ಚೆನ್ನಾಗಿದ್ದಾರೆ."

"ಚೆನ್ನಾಗಿದ್ರೆ ಸದ್ದು ಯಾಕಿಲ್ಲ?"

ಆಮೇಲೆ ಗೊತ್ತಾಗಿದ್ದು ಇಷ್ಟು. ಪೇಪರ್ ತಿದ್ದುವವರ ಮೊಬೈಲು, ಕೈಗಡಿಯಾರಗಳನ್ನು ಬೆಳಿಗ್ಗೆಯೇ ಬಾಗಿಲಲ್ಲಿ ಇಸಿದುಕೊಳ್ಳುತ್ತಾರೆ. ಆ ಕಟ್ಟಡದ ಗೋಡೆ ಗಡಿಯಾರ ಯಾವ ಕಾಲದಲ್ಲೋ ನಾಲ್ಕು ಹತ್ತಕ್ಕೆ ನಿಂತಿದೆ. ಮೇಷ್ಟ್ರುಗಳು ಒಂದು ವಾರದಿಂದ ಮಕ್ಕಳ ಗಲಾಟೆಯನ್ನೇ ಗಡಿಯಾರ ಮಾಡಿಕೊಂಡಿದ್ದರು. ಹನ್ನೊಂದರ ಗಲಾಟೆಗೆ ಚಹಾ, ಒಂದರ ಗಲಾಟೆಗೆ ಊಟ. ಸೋಮವಾರ ಗಲಾಟೆಯೇ ಆಗಲಿಲ್ಲ, ಅವರು ಏಳಲೂ ಇಲ್ಲ. ಒಂಬತ್ತಕ್ಕೆ ಕೂತವರು ಚಹಾ ಇಲ್ಲದೆ ತಿದ್ದಿದರು, ತಿದ್ದಿದರು. ಇಬ್ಬರಿಗೆ ನಿದ್ದೆ ಬಂತು. ಒಬ್ಬರು ಒಂದೇ ಪೇಪರಿನ ಅಂಕ ನಾಲ್ಕು ಸಲ ಕೂಡಿ ನಾಲ್ಕು ಥರ ಉತ್ತರ ತೆಗೆದರು. ಹೊತ್ತು ಹೋದಂತೆ ಎಲ್ಲರ ಕೈ ಬಿಗಿಯಾಗುತ್ತಾ ಹೋಗಿ, ಒಂದು ಕಟ್ಟಿಗೆ ಕಟ್ಟೇ ಫೇಲು. ಅದನ್ನೆಲ್ಲ ಈಗ ಚಹಾ ಕುಡಿದು ಮತ್ತೆ ತಿದ್ದಬೇಕು. ಅದಕ್ಕಿಂತ ಹೆಚ್ಚಾಗಿ, ಅಷ್ಟೊಂದು ಮಕ್ಕಳಿಗೆ ಒಟ್ಟಿಗೆ ಏನೋ ಕಾಯಿಲೆ ಬಡಿದಿದೆ ಅಂತ ಐದಾರು ಜನ ಪೆನ್ನು ಕೆಳಗಿಟ್ಟು ಕಿಟಕಿಯಲ್ಲೇ ನಿಂತಿದ್ದರು. ಪೀಪಿ ಕೇಳಿದ ಮೇಲೆಯೇ ಎಲ್ಲರಿಗೂ ಜೀವ ಬಂದಿದ್ದು.

ಸಾಹೇಬರ ಕೈಯಲ್ಲಿದ್ದ ಕಾಗದ ದೂರೇ, ಹನ್ನೆರಡಕ್ಕೆ ಅವರು ತಪಾಸಣೆಗೆ ಬಂದು ಹೊತ್ತು ಹೇಳಿದ ಕೂಡಲೇ ಮೇಷ್ಟ್ರುಗಳು ಗೀಚಿಕೊಟ್ಟಿದ್ದು. ಮೂವತ್ತೊಂದು ಸಹಿ ಬಿದ್ದಿದ್ದವು. ಅದರಲ್ಲಿ ಬರೆದದ್ದು: ಇಂದು ಹನ್ನೊಂದು ಗಂಟೆಗೆ ಬೇಸಿಗೆ ಶಿಬಿರದ ಮಕ್ಕಳು ಗಲಾಟೆ ಮಾಡದ ಕಾರಣ ನಮ್ಮ ಕೆಲಸಕ್ಕೆ ತೀವ್ರ ಅಡಚಣೆಯಾಗಿದೆ, ನಾಳೆಯಿಂದ ಎಂದಿನಂತೆ ಗಲಾಟೆಗೆ ವ್ಯವಸ್ಥೆ ಮಾಡಬೇಕಾಗಿ ವಿನಂತಿ.

ಸಾಹೇಬರು ಅಕ್ಕನ ಮುಖ ನೋಡಿ, ಪೀಪಿ ನೋಡಿ, ಊದಿ ಅನ್ನುವಂತೆ ಕೈ ಸನ್ನೆ ಮಾಡಿದರು. ಅಕ್ಕ ಎರಡು ಗಿಡ್ಡ ಪೀಪಿ ಊದಿದರು. ನೀರಿನಿಂದ ಮೇಲೆ ಬನ್ನಿ ಅಂತ ಅರ್ಥ. ಆಗ ಎಪ್ಪತ್ತೆರಡು ಮಕ್ಕಳು ಕೂಗಿದ ಕೂಗಿಗೆ ನಿಂತಿದ್ದ ಗಡಿಯಾರ ಐದು ನಿಮಿಷ ನಡೆಯಿತು ಅಂತ ಕಾವಲುಗಾರ ಇವತ್ತಿಗೂ ಆಣೆ ಮಾಡುತ್ತಾನೆ.

ಕಾಗದದ ಮನುಷ್ಯ ಕಾಗದವನ್ನು ಹಾಗೇ ಬಿಡುತ್ತಾರೆಯೇ. ದೂರನ್ನು ಶಿಬಿರದ ಫೈಲಿಗೆ ಸೇರಿಸಿ ಅಂತ ಗುಮಾಸ್ತರಿಗೆ ಹೇಳಿದರು. ಗುಮಾಸ್ತರು ಎರಡು ದಿನ ಬೀರು ಜಾಲಾಡಿದರು. ಫೈಲೇ ಇಲ್ಲ. ಇಪ್ಪತ್ತೆರಡು ವರ್ಷ ಈ ಶಿಬಿರ ಬರೀ ಬಾಯಿಮಾತಿನ ಮೇಲೆ ನಡೆದಿದೆ, ಯಾವ ಕಡತದಲ್ಲೂ ಅದರ ಹೆಸರಿಲ್ಲ. ಬೇರೆ ದಾರಿ ಕಾಣದೆ ಹೊಸ ಫೈಲು ತೆರೆದು, ನಂಬರ್ ಹಾಕಿ, ಮೊದಲ ಹಾಳೆಯಾಗಿ ಆ ದೂರನ್ನೇ ಪೋಣಿಸಿದರು.

ಬುಧವಾರ ಅಕ್ಕನನ್ನು ಕರೆದು ಫೈಲು ತೋರಿಸಿದರಂತೆ. ಕೈ ಒರೆಸಿಕೊಂಡು ಮುಟ್ಟಿ ಬಂದಿದ್ದಾರೆ. ಇನ್ನೇನು ಬೇಕು ನಿಮಗೆ ಅಂತ ನಾದಿನಿ ಕೆಣಕಿದರೆ, ಅಕ್ಕ ಒಬ್ಬ ಹುಡುಗನ ಲೇಸು ಕಟ್ಟುತ್ತಾ ತಲೆ ಎತ್ತದೆ ಹೇಳುತ್ತಾರೆ:

"ಮುಂದಿನ ಬೇಸಿಗೇಲಿ ಇನ್ನೊಂದು ಕಾಗದ ಅದಕ್ಕೆ ಸೇರಿದ್ರೆ ಸಾಕಮ್ಮ. ಒಂದೇ ಹಾಳೆ ಇದ್ರೆ ಫೈಲು ಗಾಳಿಗೆ ಹಾರಿಹೋಗುತ್ತೆ."