ನೆಲಕ್ಕೆ ಕಿವಿಗೊಡುವ ಕೋಲಕ್ಕ

“ಎಲ್ಲಿ ಕೂತ್ಕೊಂಡು ಅಳ್ತಾ ಇದೀಯಮ್ಮಾ ನೀನು?”

ಕೇಳಿದ್ದು ಯಾರನ್ನೂ ಅಲ್ಲ. ಬೀದಿಯಲ್ಲಿ ಇನ್ನೂ ನರಪಿಳ್ಳೆಯಿಲ್ಲ. ಬೆಳಕು ಹರಿಯಲು ಸ್ವಲ್ಪ ಹೊತ್ತಿದೆ. ದಿಬ್ಬದ ಬೀದಿಯ ಏರಿನಲ್ಲಿ, ಐವತ್ತು ದಾಟಿದ ಹೆಂಗಸೊಬ್ಬರು ಎದೆಮಟ್ಟದ ಕಬ್ಬಿಣದ ಕೋಲನ್ನು ನೆಲಕ್ಕೂರಿ, ಅದರ ತಲೆಗೆ ಕೂರಿಸಿದ ಮರದ ಬಟ್ಟಲಿಗೆ ಕಿವಿ ಹಚ್ಚಿ, ಬಾಗಿ ನಿಂತಿದ್ದಾರೆ. ಕಣ್ಣು ಮುಚ್ಚಿದೆ. ತುಟಿ ಸಣ್ಣಗೆ ತೆರೆದಿದೆ. ದೇವರ ಮುಂದೆ ನಿಂತವರೂ ಇಷ್ಟು ಅಲುಗಾಡದೆ ನಿಲ್ಲುವುದು ಅಪರೂಪ. ನಿಮಿಷ ಕಳೆದ ಮೇಲೆ ಕೋಲನ್ನೆತ್ತಿ ಒಂದು ಮೊಳ ಮುಂದಕ್ಕೆ ಊರುತ್ತಾರೆ. ಮತ್ತೆ ಕಿವಿ. ಮತ್ತೆ ಮೌನ.

ಊರಿಗೆಲ್ಲ ಇವರು ಕೋಲಕ್ಕ. ಪುರಸಭೆಯ ಹಾಜರಿ ಪುಸ್ತಕದಲ್ಲಿರುವ ಹೆಸರು ಹಿಡಿದು ಕರೆದರೆ, ಯಾರನ್ನು ಕರೆದರೋ ಎಂದು ಇವರೇ ಹಿಂದಿರುಗಿ ನೋಡುತ್ತಾರಂತೆ. ಇಪ್ಪತ್ತಾರು ವರ್ಷದಿಂದ ಇವರದು ನೀರು ಬಿಡುವ ಕೆಲಸ. ನಲವತ್ತೊಂದು ವಾಲ್ವು, ದಿನಕ್ಕೆ ಒಂಬತ್ತು ಕಿಲೋಮೀಟರು ನಡಿಗೆ, ಹೆಗಲ ಮೇಲೆ ವಾಲ್ವು ತಿರುಗಿಸುವ ಉದ್ದನೆಯ ಕೀಲಿ, ಕೈಯಲ್ಲಿ ಈ ಕೋಲು. ನೆಲದಡಿಯ ಪೈಪು ಎಲ್ಲಿ ಸೀಳಿದೆ, ಎಲ್ಲಿ ಜಾಯಿಂಟು ಬಿಟ್ಟಿದೆ ಎಂಬುದನ್ನು ಕೋಲಿನಿಂದ ಕೇಳಿ ಹೇಳುತ್ತಾರೆ. ಅವರು ಸೀಮೆಸುಣ್ಣದಲ್ಲಿ ಗೀಟು ಹಾಕಿದ ಕಡೆಯೇ ಗುದ್ದಲಿ ಬೀಳುತ್ತದೆ.

ಇವತ್ತು ಬುಧವಾರ. ಶುಕ್ರವಾರ ರಾಜಧಾನಿಯಲ್ಲಿ ಈ ಪುರಸಭೆಗೆ ದೊಡ್ಡ ಮರ್ಯಾದೆ ಕಾದಿದೆ. ಹೊಸ ಪ್ರಯೋಗ ಮಾಡಿ ಒಳ್ಳೆಯ ಆಡಳಿತ ಕೊಟ್ಟ ಸ್ಥಳೀಯ ಸಂಸ್ಥೆಗಳಿಗೆ ಸಲ್ಲುವ ಪ್ರಶಸ್ತಿ, ಅದರಲ್ಲೂ ಮೊದಲನೆಯದು. ಕೋಲಕ್ಕನ ತಲೆಯಲ್ಲಿರುವುದು ಮಾತ್ರ ಈ ಬೀದಿಯ ತುದಿಯ ಹನ್ನೆರಡು ಮನೆ. ಹನ್ನೊಂದು ದಿನದಿಂದ ಅಲ್ಲಿನ ನಲ್ಲಿಗಳಲ್ಲಿ ನೀರು ನೂಲಿನೆಳೆಯಷ್ಟು. ಜನ ಕೊಡ ಹೊತ್ತು ದಿಬ್ಬ ಇಳಿದು ಹತ್ತುತ್ತಿದ್ದಾರೆ. ಕೊನೆಯ ಮನೆಯ ಹೊಲಿಗೆಯಾಕೆ ತುಂಬು ಬಸುರಿ. “ಅಕ್ಕಾ, ನಾನು ಹೆರೋ ಹೊತ್ತಿಗಾದ್ರೂ ನೀರು ಬರುತ್ತಾ?” ಎಂದು ಆಕೆ ನಗುನಗುತ್ತಲೇ ಕೇಳಿದ್ದಳು. ಕೋಲಕ್ಕ ನಗಲಿಲ್ಲ. ಮಗುವಿಗಿಂತ ಮೊದಲು ನೀರು ಬರುತ್ತದೆ ಎಂದು ಮಾತು ಕೊಟ್ಟುಬಿಟ್ಟರು. ಕೊಟ್ಟ ಮಾತು ಈಗ ಕೋಲಿಗಿಂತ ಭಾರವಾಗಿದೆ.

ಕೋಲು ಅಪ್ಪನದು. ಅವರೂ ನೀರು ಬಿಡುತ್ತಿದ್ದವರೇ. ಕಿವಿ ಮಂದವಾದ ಮೇಲೆ ಕೋಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಮೂಳೆಗೆ ಬರುವ ನಡುಕದಿಂದಲೇ ಸೋರಿಕೆ ಪತ್ತೆ ಮಾಡುತ್ತಿದ್ದರು. ಈಗ ಅವರಿಗೆ ಎಂಬತ್ತೆರಡು. ಬಾಯಲ್ಲಿ ಹಲ್ಲಿಲ್ಲ, ಮಾತಿಗೇನೂ ಬರವಿಲ್ಲ. “ಕಿವಿ ಹೋಯ್ತು, ಹಲ್ಲಿತ್ತು. ಹಲ್ಲೂ ಹೋಯ್ತು, ಮಗಳಿದಾಳೆ” ಎಂದು ಬಂದವರಿಗೆಲ್ಲ ಹೇಳುತ್ತಾರೆ. ಬಾಗಿಲ ಪಕ್ಕದಲ್ಲೇ ಸೈಕಲ್ ರಿಪೇರಿ ಅಂಗಡಿ ಇಟ್ಟಿರುವ ಗಂಡನದು ಬೇರೆ ರಾಗ: “ಮೂರಡಿ ಆಳದ ನೀರು ಪಿಸುಗುಟ್ಟಿದ್ರೂ ಇವಳಿಗೆ ಕೇಳ್ಸುತ್ತೆ. ಪಕ್ಕದಲ್ಲಿ ಕೂತು ಕಾಫಿ ಕೇಳಿದ್ರೆ ಕೇಳ್ಸಲ್ಲ.” ಕೋಲಕ್ಕ ಅದನ್ನೂ ಕೇಳಿಸಿಕೊಳ್ಳದವರಂತೆ ಚಪ್ಪಲಿ ಮೆಟ್ಟುತ್ತಾರೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹೆಂಗಸಿನ ಕೈಯಲ್ಲಿ ವಾಲ್ವು ತಿರುಗುತ್ತದೆಯೇ ಎಂದು ಅನುಮಾನಪಟ್ಟವರೇ ಹೆಚ್ಚು. ಮೊದಲ ವಾರವೇ ತುಕ್ಕು ಹಿಡಿದ ವಾಲ್ವೊಂದು ಎಡಭುಜ ಜಾರಿಸಿತು. ಇಂದಿಗೂ ಆ ಕೈ ಕಿವಿಗಿಂತ ಮೇಲೇಳುವುದಿಲ್ಲ. “ಕಿವಿವರೆಗೆ ಬಂದ್ರೆ ಸಾಕಲ್ವಾ? ನನ್ನ ಕೆಲಸ ಇರೋದೇ ಅಲ್ಲಿವರೆಗೆ” ಎನ್ನುತ್ತಾರೆ.

ಮರೆಯಲಾಗದ ತಪ್ಪೂ ಒಂದಿದೆ. ಪೇಟೆಯ ತಂಪು ಪಾನೀಯದ ಅಂಗಡಿ ಮುಂದೆ ನೆಲದಡಿ ಜುಯ್ಯೆಂಬ ಸದ್ದು ಕೇಳಿ ಗೀಟು ಹಾಕಿದರು. ಅಗೆದೇ ಅಗೆದರು. ಸೊಂಟದಾಳದವರೆಗೂ ಒಣಮಣ್ಣು. ಸದ್ದು ಅಂಗಡಿಯ ಫ್ರಿಜ್ಜಿನದು. ಮುಚ್ಚಿದ ಗುಂಡಿಯ ತೇಪೆ ಇಂದಿಗೂ ರಸ್ತೆಯಲ್ಲಿದೆ, ಗುದ್ದಲಿಯವರು ಅಲ್ಲಿ ಹಾದುಹೋಗುವಾಗಲೆಲ್ಲ “ಅಕ್ಕಾ, ಎರಡು ಬಾಟ್ಲು ತಣ್ಣಗಿರೋದು ಅಗೆದು ಕೊಡ್ಲಾ?” ಎಂದು ಕಾಡುತ್ತಾರೆ.

ಆ ತಪ್ಪಿನ ಹೊಟ್ಟೆಯಲ್ಲೇ ಪ್ರಶಸ್ತಿ ಹುಟ್ಟಿದ್ದು. ಊರು ಗದ್ದಲ ಮಾಡುತ್ತಿದ್ದರೆ ನೀರಿನ ಮಾತು ಕೇಳುವುದು ಹೇಗೆ? ಕೋಲಕ್ಕ ಮನೆಮನೆಗೆ ಹೋಗಿ ಒಂದು ಉಪಕಾರ ಬೇಡಿದರು. ನೀರಿನ ಸರದಿ ಮುಗಿಯುವ ಕೊನೆಯ ಐದು ನಿಮಿಷ, ತಾನು ಸೈಕಲ್ ಬೆಲ್ಲು ಬಾರಿಸಿದಾಗ, ಬೀದಿಯ ಎಲ್ಲರೂ ನಲ್ಲಿ ಮುಚ್ಚಬೇಕು. ಫ್ರಿಜ್ಜು, ಮಿಕ್ಸಿ, ಟಿವಿ ಬಂದ್ ಮಾಡಬೇಕು. ಮನೆಗೊಬ್ಬರು ಲೋಟವನ್ನು ಪೈಪಿಗೆ ಒತ್ತಿ ಕೇಳಬೇಕು. ನಲ್ಲಿ ಮುಚ್ಚಿದ್ದರೂ ಪೈಪಿನಲ್ಲಿ ಸದ್ದಿದ್ದರೆ ನೀರು ಎಲ್ಲೋ ಓಡುತ್ತಿದೆ ಎಂದೇ ಅರ್ಥ. ಅಂಥ ಮನೆಯವರು ಗೇಟಿಗೆ ಕೆಂಪು ಬಟ್ಟೆ ಕಟ್ಟಬೇಕು.

ಮೊದಮೊದಲು ಜನ ನಕ್ಕರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಹೊಸದಾಗಿ ಬಂದ ಮುಖ್ಯಾಧಿಕಾರಿ ಮಾತ್ರ ನಗಲಿಲ್ಲ. ಒಂದು ಬೆಳಗ್ಗೆ ಲೋಟ ಹಿಡಿದು ತಾವೂ ಕೇಳಿ ನೋಡಿ, ಮರುವಾರವೇ ಎಲ್ಲ ಬೀದಿಗೂ ಐದು ನಿಮಿಷದ ಮೌನ ಎಂದು ಆದೇಶ ಹೊರಡಿಸಿದರು. ಎರಡು ವರ್ಷದಲ್ಲಿ ಇನ್ನೂರ ಅರವತ್ತಮೂರು ಸೋರಿಕೆ ಸಿಕ್ಕಿವೆ. ಐದು ದಿನಕ್ಕೊಮ್ಮೆ ಬರುತ್ತಿದ್ದ ನೀರು ದಿನ ಬಿಟ್ಟು ದಿನ ಬರುತ್ತಿದೆ. ಹೊಸ ಕೆರೆ ತೋಡಲಿಲ್ಲ, ಹೊಸ ಪಂಪು ತರಲಿಲ್ಲ.

ಪ್ರಶಸ್ತಿಗೆ ಕಳಿಸಿದ ಅರ್ಜಿ ಅರವತ್ತನಾಲ್ಕು ಪುಟ. ಅದರಲ್ಲಿ ಕೋಲಕ್ಕನ ಹೆಸರಿಲ್ಲ. ‘ಕ್ಷೇತ್ರ ಸಿಬ್ಬಂದಿ’ ಎಂದಷ್ಟೇ ಇದೆ. ಬೇಜಾರಿಲ್ಲವೇ ಎಂದು ಯಾರಾದರೂ ಕೆದಕಿದರೆ ಅವರ ಮುಖ ಅರಳುತ್ತದೆ. “ಮೂವತ್ತೊಂದನೇ ಪುಟದ ಫೋಟೋದಲ್ಲಿ ಕೋಲು ಹಿಡಿದ ಕೈ ಇದೆ ನೋಡಿ. ಅದು ನಂದೇ. ಬಳೆ ನೋಡಿ ಅಪ್ಪ ಗುರುತು ಹಿಡಿದ್ರು.”

ಅಪ್ಪ ಕಲಿಸಿದ ಕಟ್ಟುಪಾಡೊಂದನ್ನು ಅವರು ಇಂದಿಗೂ ಮೀರಿಲ್ಲ. ಸೋರಿಕೆ ಮುಚ್ಚಿದ ಮೇಲೆ ಅದೇ ಜಾಗದಲ್ಲಿ ಮೂರು ಬೆಳಗು ಕೇಳಬೇಕು. ಒಂದು ತೂತು ಮುಚ್ಚಿದರೆ ಪೈಪಿನೊಳಗೆ ಒತ್ತಡ ಏರುತ್ತದೆ, ಪಕ್ಕದ ದುರ್ಬಲ ಜಾಯಿಂಟನ್ನು ಹುಡುಕಿಕೊಂಡು ಹೋಗುತ್ತದೆ. “ನೀರಿಗೆ ಸಿಟ್ಟು ಇಳಿಯೋಕೆ ಮೂರು ದಿನ ಬೇಕು. ಮನುಷ್ಯರೇ ವಾಸಿ ಅಂತ ಹೇಳೋ ಹಾಗಿಲ್ಲ ಬಿಡಿ” ಎನ್ನುತ್ತಾರೆ.

ದಿಬ್ಬದ ಬೀದಿಯಲ್ಲಿ ಈಗ ಬೆಳಕು ಹರಿದಿದೆ. ಕೊನೆಯ ಮೂರು ಗೇಟುಗಳಲ್ಲಿ ಹಿಂದಿನ ಸರದಿಯಲ್ಲಿ ಕಟ್ಟಿದ ಕೆಂಪು ಬಟ್ಟೆ ಅಲುಗುತ್ತಿದೆ. ಹನ್ನೊಂದು ದಿನ ಈ ಸೋರಿಕೆ ಕೈಗೆ ಸಿಗದಿರುವುದಕ್ಕೆ ಕಾರಣ, ಇಲ್ಲಿನ ಪೈಪು ಪ್ಲಾಸ್ಟಿಕ್ಕಿನದು. ಕಬ್ಬಿಣದ ಪೈಪು ಕೂಗಿ ಹೇಳುತ್ತದೆ, ಇದು ಮೂಗಿ. ಸೋರಿದ ನೀರು ಹಳೆಯ ಚರಂಡಿಗೆ ಇಳಿದುಹೋಗುತ್ತಿರಬೇಕು, ಮೇಲೆ ಒದ್ದೆಯ ಕಲೆಯೂ ಇಲ್ಲ. ಕೋಲಕ್ಕ ಬೆಲ್ಲು ಬಾರಿಸುತ್ತಾರೆ. ಒಂದೊಂದೇ ಸದ್ದು ಅಡಗುತ್ತದೆ. ಹೊಲಿಗೆಯಾಕೆಯ ಮಿಷನ್ನೂ ನಿಲ್ಲುತ್ತದೆ. ಆಕೆ ಹೊಟ್ಟೆಯ ಮೇಲೆ ಕೈಯಿಟ್ಟು ಹೊಸ್ತಿಲಲ್ಲಿ ನಿಂತಿದ್ದಾಳೆ.

ಅಷ್ಟರಲ್ಲಿ ಕೆಳಗೆ ಜೀಪು ನಿಲ್ಲುತ್ತದೆ. ಮುಖ್ಯಾಧಿಕಾರಿ ಎಂಜಿನ್ನು ಆರಿಸಿ, ಬೂಟಿನ ಸದ್ದಾಗದಂತೆ ನಡೆದುಬರುತ್ತಾರೆ. ಆದೇಶ ಅವರದೇ ಅಲ್ಲವೇ. ಅವರು ಬಂದಿರುವುದು ಕೋಲಿಗಾಗಿ. ಪ್ರಶಸ್ತಿ ಪಡೆದ ಊರುಗಳ ಪ್ರದರ್ಶನ ರಾಜಧಾನಿಯಲ್ಲಿ ಒಂದು ತಿಂಗಳು ನಡೆಯುತ್ತದೆ. ಗಾಜಿನ ಪೆಟ್ಟಿಗೆ ಸಿದ್ಧವಾಗಿದೆ, ಇವತ್ತೇ ಹೊರಡಬೇಕು. ತೀರ್ಪುಗಾರರು ಈ ಕೋಲನ್ನೇ ನೋಡಬೇಕೆಂದು ಬಯಸಿದ್ದಾರೆ ಎಂದು ಅವರು ಪಿಸುದನಿಯಲ್ಲಿ ವಿವರಿಸುತ್ತಾರೆ. ಕೋಲಕ್ಕ ಕೈಯೆತ್ತಿ ತಡೆಯುತ್ತಾರೆ. ಎರಡನೆಯ ಗೇಟಿನಿಂದ ಮೂರನೆಯದರತ್ತ, ಮೊಳ ಮೊಳ. ಒಂದು ಕಡೆ ನಿಂತವರು ಅಲುಗುವುದೇ ಇಲ್ಲ. ಆಮೇಲೆ ಕಣ್ಣು ತೆರೆದು ಬಟ್ಟಲನ್ನು ಅಧಿಕಾರಿಯ ಕಿವಿಯತ್ತ ಬಾಗಿಸುತ್ತಾರೆ.

ಅಧಿಕಾರಿ ಉಸಿರು ಬಿಗಿಹಿಡಿದು ಕೇಳುತ್ತಾರೆ. ದೂರದಲ್ಲಿ ಯಾರೋ ಒಂದೇ ಸಮನೆ ಬಿಕ್ಕುತ್ತಿರುವಂಥ ಸದ್ದು. ಅವರ ಮುಖದಲ್ಲಿ ನಗು ಹರಡುತ್ತದೆ. ಕೋಲಕ್ಕ ಗೀಟು ಹಾಕಿ ಗುದ್ದಲಿಯವರನ್ನು ಕರೆಯುತ್ತಾರೆ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಬೇಡ ಎಂದು ಎಚ್ಚರಿಸಿ, ಎರಡಡಿಗಿಂತ ಅಗಲ ತೆಗೆಯಬಾರದೆಂದು ಕಟ್ಟುನಿಟ್ಟು ಮಾಡುತ್ತಾರೆ. ಮುಕ್ಕಾಲು ಗಂಟೆಯಲ್ಲಿ ಸೀಳಿದ ಪೈಪು ಕಾಣುತ್ತದೆ, ಮತ್ತೊಂದು ಗಂಟೆಯಲ್ಲಿ ಹೊಸ ತುಂಡು ಕೂರುತ್ತದೆ. ಕೀಲಿ ತಿರುಗುತ್ತಿದ್ದಂತೆ ಕೊನೆಯ ಮನೆಯ ನಲ್ಲಿ ಕೆಮ್ಮುತ್ತದೆ, ಉಗಿಯುತ್ತದೆ, ಆಮೇಲೆ ನೀರು ಕೊಡದ ತಳಕ್ಕೆ ದಪ್ಪಗೆ ಬೀಳುತ್ತದೆ. ಹೊಲಿಗೆಯಾಕೆ ಎರಡೂ ಕೈ ಒಡ್ಡಿ ನಿಂತುಬಿಡುತ್ತಾಳೆ, ಕೊಡ ತುಂಬಿ ಚೆಲ್ಲುವುದೂ ಅವಳಿಗೆ ತಿಳಿಯುವುದಿಲ್ಲ.

“ಸಿಕ್ತಲ್ಲ ಅಕ್ಕಾ. ಇನ್ನು ಕೋಲು ಕೊಡಿ. ಒಂದು ತಿಂಗಳು ಅಷ್ಟೇ” ಎನ್ನುತ್ತಾರೆ ಮುಖ್ಯಾಧಿಕಾರಿ. ಅವರ ಕೈಯಲ್ಲಿ ಕೋಲು ಸುತ್ತಲು ತಂದ ಮೆತ್ತನೆಯ ಬಟ್ಟೆಯಿದೆ.

ಕೋಲಕ್ಕ ಸೆರಗಿನಿಂದ ಮರದ ಬಟ್ಟಲು ಒರೆಸಿ, ಕೋಲನ್ನು ಎಡಗೈಗೆ ಬದಲಾಯಿಸಿಕೊಳ್ಳುತ್ತಾರೆ.

“ಇನ್ನೂ ಮೂರು ಬೆಳಗು ಇದೆ ಸಾರ್. ಅದಾದ ಮೇಲೆ ಕೆಳಗಿನ ಬೀದಿ. ತೋರ್ಸೋಕೆ ಬೇಕಾದ್ರೆ ಕಮ್ಮಾರನ ಹತ್ರ ಇಂಥದ್ದೇ ಇನ್ನೊಂದು ಮಾಡಿಸ್ಕೊಂಡು ಹೋಗಿ. ನೋಡೋರಿಗೆ ಯಾವ ಕೋಲಾದ್ರೂ ಒಂದೇ. ಇದನ್ನ ಕೊಡಲ್ಲ.”