ಡ್ರೈವಿಂಗ್ ಮೇಷ್ಟ್ರ ಪದ್ಮಾಸನ

ನಮ್ಮ ಯಜಮಾನರು ಕಾರು ಓಡಿಸಲು ಕಲಿಸುವ ಮೇಷ್ಟ್ರು. ಊರಿನಲ್ಲಿ ಸ್ಟೀರಿಂಗ್ ಹಿಡಿದವರಲ್ಲಿ ಅರ್ಧ ಜನ ಇವರ ಕೈಲಿ ಬೈಸಿಕೊಂಡವರೇ. ಬೈಗುಳ ಎಂದರೆ ಕೆಟ್ಟ ಮಾತಲ್ಲ, ಅಂಥದ್ದು ಇವರ ಬಾಯಲ್ಲಿ ಬರುವುದಿಲ್ಲ. "ಕ್ಲಚ್ಚು ಬಿಡಿ ಅಂದೆ, ಪ್ರಾಣ ಬಿಡಿ ಅನ್ನಲಿಲ್ಲ!" "ಅದು ಗೇರು ಕಣ್ರೀ, ಬಾವಿ ಹಗ್ಗ ಅಲ್ಲ!" ಇಷ್ಟೇ. ಆದರೆ ಆ ಗಂಟಲು! ಕಾರಿನ ಗಾಜು ಏರಿಸಿದ್ದರೂ ಬೀದಿಯ ಕೊನೆಯವರೆಗೆ ಕೇಳಿಸುತ್ತಿತ್ತು. ಜನ 'ಹಾರ್ನ್ ಮೇಷ್ಟ್ರು' ಎಂದು ಹೆಸರಿಟ್ಟಿದ್ದರು. ಅದೇ ಮನುಷ್ಯ ಮನೆಗೆ ಬಂದರೆ ನೆಲದ ಮೇಲಿನ ಇರುವೆ ಸಾಲನ್ನು ತುಳಿಯದೆ ದಾಟುತ್ತಾರೆ. ಮದುವೆಯಾದ ಹೊಸದರಲ್ಲಿ ಈ ಇಬ್ಬರಲ್ಲಿ ಯಾರು ನಿಜವಾದ ಗಂಡ ಎಂದು ನನಗೇ ಅನುಮಾನವಿತ್ತು.

ಇವರ ಅಕ್ಕ ನನಗೂ ಅಕ್ಕನೇ. ಪುಟ್ಟ ಮಕ್ಕಳ ಶಾಲೆಯ ವ್ಯಾನಿನಲ್ಲಿ ಆಯಾ ಕೆಲಸ. ಹಿಂದಿನ ಸೀಟಿನಲ್ಲಿ ಕುಳಿತು ಮಕ್ಕಳ ಮೂಗು ಒರೆಸುತ್ತಾ, ಬಿಚ್ಚಿದ ಲೇಸು ಕಟ್ಟುತ್ತಾ ವರ್ಷಗಟ್ಟಲೆ ಡ್ರೈವರನ ಕೈಯನ್ನೇ ನೋಡಿದವರು. ಆ ಡ್ರೈವರು ವಯಸ್ಸಾಯಿತೆಂದು ಕೆಲಸ ಬಿಟ್ಟಾಗ ಅಕ್ಕ ನೇರವಾಗಿ ಹೆಡ್ ಮಿಸ್ ಎದುರು ನಿಂತು, "ಆ ಸೀಟು ನಂಗೆ ಕೊಡಿ" ಎಂದು ಕೇಳಿಬಿಟ್ಟರು. ರಜೆ ಮುಗಿಯುವುದರೊಳಗೆ ಲೈಸೆನ್ಸ್ ತಂದರೆ ವ್ಯಾನು ನಿಮ್ಮದು, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇನೆ ಎಂದರು ಅವರು.

ಒಡಹುಟ್ಟಿದ ತಮ್ಮನೇ ಮೇಷ್ಟ್ರು, ಇನ್ನೇನು ಬೇಕು ಎನ್ನಬೇಡಿ. ಅಕ್ಕ ಹಿಂದೆಯೂ ಕಲಿಯಲು ಹೊರಟಿದ್ದರು. ತಮ್ಮನ ಕೂಗಾಟಕ್ಕೆ ನಡುರಸ್ತೆಯಲ್ಲೇ ಇಳಿದು, ಬಾಗಿಲು ದಢಾರನೆ ಹಾಕಿ, ನಡೆದೇ ಮನೆ ಸೇರಿದ್ದರು.

ಆ ಹೊತ್ತಿಗೆ ಸರಿಯಾಗಿ ಗೀತೆ ಪಾಠದಲ್ಲಿ ಒಂದು ಮಾತು ಬಂತು. ನಾವು ಮೂವರೂ ಭಾನುವಾರ ಆ ಪಾಠಕ್ಕೆ ಹೋಗುತ್ತೇವೆ. ಪಾಠ ಹೇಳುವ ಅಜ್ಜ ಮೊದಲು ಹಲ್ಲಿನ ಡಾಕ್ಟರಾಗಿದ್ದವರು. ಕಾಮ, ಕ್ರೋಧ, ಲೋಭ ಎಂದು ಅರಿಷಡ್ವರ್ಗಗಳನ್ನೆಲ್ಲ ವಿವರಿಸಿ, "ಹುಳುಕು ಹಲ್ಲನ್ನೆಲ್ಲ ಒಂದೇ ದಿನ ಕೀಳೋಕಾಗಲ್ಲ. ಒಬ್ಬೊಬ್ಬರು ಒಂದೊಂದು ಆರಿಸ್ಕೊಂಡು ಬಿಡಿ. ಖಾಲಿಯಾದ ಜಾಗದಲ್ಲಿ ಒಳ್ಳೇ ಗುಣ ಒಂದನ್ನ ಕೂರಿಸಿ" ಎಂದರು. ಇವರು ಎದ್ದು ನಿಂತು, "ನಾನು ಕೋಪ ಬಿಟ್ಟೆ" ಎಂದರು, ಬಸ್ಸಿನಿಂದ ಇಳಿದಷ್ಟು ಸಲೀಸಾಗಿ. ಅಕ್ಕ ಭಯ ಬಿಡುತ್ತೇನೆಂದರು. ದೈವೀ ಗುಣಗಳಲ್ಲಿ ಅಭಯವೇ ಮೊದಲನೆಯದು ಎಂದು ಅಜ್ಜ ಖುಷಿಪಟ್ಟರು. ನಾನು ಇನ್ನೊಬ್ಬರನ್ನು ಆಡಿಕೊಳ್ಳುವುದು ಬಿಡುತ್ತೇನೆಂದೆ. ಅದೆಷ್ಟು ಫಲಿಸಿದೆ ಎಂಬುದು ನಿಮಗೆ ಈಗಾಗಲೇ ಗೊತ್ತಾಗಿರಬೇಕು.

ಆಶ್ಚರ್ಯವೆಂದರೆ, ಇವರು ನಿಜಕ್ಕೂ ಬೈಯುವುದನ್ನು ನಿಲ್ಲಿಸಿದರು. ಅಕ್ಕನಿಗೆ ಪಾಠ ಶುರುವಾಯಿತು. ಅಕ್ಕ ಎಡಕ್ಕೆ ಸಿಗ್ನಲ್ ಹಾಕಿ ಬಲಕ್ಕೆ ತಿರುಗಿದರೂ ಇವರು ಮುಗುಳ್ನಗುತ್ತಾ, "ಪರವಾಗಿಲ್ಲಕ್ಕ, ನಿಧಾನವಾಗಿ" ಎನ್ನುತ್ತಿದ್ದರು. ಮನೆಯಲ್ಲಿ ಹಾಲು ಉಕ್ಕಿ ಒಲೆಯೆಲ್ಲ ರಾಡಿಯಾದರೆ ಎದೆ ತಟ್ಟಿಕೊಂಡು, "ನೋಡಿದ್ಯಾ? ನಂಗೆ ಚೂರೂ ಕೋಪ ಬರ್ಲಿಲ್ಲ" ಎನ್ನುವುದು. ಒಲೆ ಒರೆಸುವವಳು ನಾನು, ಶಾಂತಿ ಇವರದು! ಇವರ ಕೋಪವನ್ನಾದರೂ ಸಹಿಸಬಹುದಿತ್ತು. ಈ ಸದ್ಗುಣದ ಜೊತೆ ಬಾಳುವುದು ಭಾರೀ ಕಷ್ಟವಾಯಿತು.

ಅಕ್ಕನಿಗಂತೂ ರೆಕ್ಕೆ ಬಂದಿತ್ತು. "ಗಾಡಿ ನಾನು ಹೇಳ್ದಂಗೆ ಕೇಳತ್ತೆ ಕಣೇ. ನಿಲ್ಲು ಅಂದ್ರೆ ನಿಲ್ಲತ್ತೆ" ಎಂದು ನನ್ನ ಕೈ ಹಿಡಿದು ಕುಣಿದರು.

ಪರೀಕ್ಷೆಯ ದಿನ ಬಂತು. ಅಲ್ಲಿ ಇವರ ಕಾರಲ್ಲ, ಪರೀಕ್ಷೆ ನಡೆಸುವವರದೇ ಕಾರು. ಹೊರಟಿದ್ದು ಚೆನ್ನಾಗಿಯೇ ಹೊರಟಿತು. ನಿಲ್ಲಬೇಕಾದ ಬಿಳಿ ಗೆರೆಯ ಮೇಲೆ ನಿಲ್ಲಲಿಲ್ಲ. ಗೆರೆ ದಾಟಿ, ಪ್ಲಾಸ್ಟಿಕ್ ಕೋನುಗಳನ್ನು ಉರುಳಿಸಿ ನಿಂತಿತು. ಫೇಲು.

ಮನೆಗೆ ಬಂದ ಅಕ್ಕ ನೀರನ್ನೂ ಕುಡಿಯದೆ ಯೋಚಿಸುತ್ತಾ ಕುಳಿತರು. ಆಮೇಲೆ ತಮ್ಮನ ಕಡೆ ತಿರುಗಿದರು.

"ನಿನ್ನ ಕಾರಲ್ಲಿ ಸರಿಯಾಗಿ ನಿಲ್ತಿತ್ತಲ್ಲೋ. ಹೇಗೆ?"

ಇವರು ಗೋಡೆ ನೋಡಿದರು. ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಾಲ ಬುಡದಲ್ಲೂ ಒಂದು ಬ್ರೇಕ್ ಇರುತ್ತದೆ, ಅಪಾಯಕ್ಕೆಂದು.

"ನಿಂಗೆ ಬೈಬಾರದು ಅಂತ... ಸ್ವಲ್ಪ ಸ್ವಲ್ಪ ಒತ್ತಿದೆ."

"ಎಷ್ಟು ಸಲ?"

"ಪ್ರತೀ ಸಲ."

ಇನ್ನು ಬಾಗಿಲು ದಢಾರನೆ ಬೀಳುತ್ತದೆ ಎಂದು ನಾನು ಕಾದೆ. ಅಕ್ಕ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಅಯ್ಯೋ ಪುಣ್ಯಾತ್ಮ! ನಿನ್ ಕೋಪ ಎಲ್ಲೂ ಹೋಗಿಲ್ಲ ಕಣೋ. ಬಾಯಿಂದ ಇಳಿದು ಕಾಲಿಗೆ ಬಂದಿದೆ!"

ಇವರ ಮುಖ ಇಷ್ಟಾಯಿತು. ಮೆಲ್ಲಗೆ ಹೇಳಿದರು: "ಕೋಪ ಅಲ್ಲಕ್ಕ. ಭಯ. ನಿಂಗೇನಾದ್ರೂ ಆದ್ರೆ ಅಂತ. ಮೊದಲೂ ಭಯಕ್ಕೇ ಕೂಗ್ತಿದ್ದೆ." ಇಷ್ಟು ವರ್ಷ ಜೊತೆಗಿದ್ದ ನನಗೂ ಅದು ತಿಳಿದಿರಲಿಲ್ಲ. ಆ ಗಳಿಗೆಯಲ್ಲಿ ನನಗೆ ಇವರ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು.

ರಜೆ ಮುಗಿಯುವ ಮುಂಚೆ ಇನ್ನೊಂದು ಪರೀಕ್ಷೆಗೆ ಅವಕಾಶವಿತ್ತು. ಅದೂ ಹೋದರೆ ವ್ಯಾನೂ ಹೋದಂತೆಯೇ. ಅಕ್ಕ ಎದ್ದು ಸೀರೆ ಸೆರಗು ಸಿಕ್ಕಿಸಿಕೊಂಡರು. "ನಡಿ. ಕಾಲು ಮೇಲಿಟ್ಟುಕೊಂಡು ಕೂತ್ಕೋ. ಪದ್ಮಾಸನ ಹಾಕು."

ಊರಾಚೆಯ ಖಾಲಿ ಮೈದಾನದಲ್ಲಿ ಆ ನೋಟ ನೋಡಬೇಕಿತ್ತು. ಸ್ಟೀರಿಂಗ್ ಹಿಂದೆ ಅಕ್ಕ. ಪಕ್ಕದಲ್ಲಿ ಹಾರ್ನ್ ಮೇಷ್ಟ್ರು, ಮಂಡಿ ಲಟಕ್ಕೆಂದು ಸದ್ದು ಮಾಡಿಸಿ ಹಾಕಿದ ಪದ್ಮಾಸನದಲ್ಲಿ, ಅಂಗೈ ಮೇಲೆ ಮಾಡಿ, ಕಣ್ಣು ಮಾತ್ರ ಗುಡ್ಡೆ ಹೊರಬೀಳುವ ಹಾಗೆ ತೆರೆದುಕೊಂಡು. ಹಿಂದಿನ ಸೀಟಿನಲ್ಲಿ ನಾನು ಬಾಯಿಗೆ ಸೆರಗು ಒತ್ತಿಕೊಂಡಿದ್ದೆ. ಕಾರು ಕಾಂಪೌಂಡ್ ಗೋಡೆಯ ಕಡೆಗೆ ಹೊರಟಿತು. ಇವರ ಗಂಟಲಿನಲ್ಲಿ "ಅಕ್ಕಾ" ಎಂಬುದು ಹುಟ್ಟಿತು. ಅದನ್ನು ನುಂಗಿ "ನಾರಾಯಣ" ಎಂದರು. ಗೋಡೆ ಹತ್ತಿರವಾಯಿತು. ಇವರ ಕಾಲು ಗಂಟು ಬಿದ್ದ ನೂಲು, ಬಿಚ್ಚಿಕೊಳ್ಳಬೇಕೆಂದರೂ ಬಿಚ್ಚದು. "ನಾರಾಯಣ, ನಾರಾಯಣ!" ಅಕ್ಕ ಬ್ರೇಕ್ ಒತ್ತಿದರು. ಗೋಡೆಗೂ ಬಂಪರಿಗೂ ನಡುವೆ ಒಂದು ಗೇಣು ಉಳಿದಿತ್ತು.

"ಈಗ ನಿಲ್ಲಿಸಿದ್ದು ಯಾರೋ?"

"ನೀನೇ ಅಕ್ಕ," ಎಂದರು ಇವರು. ಕಣ್ಣಲ್ಲಿ ನೀರಿತ್ತು. ಮಂಡಿ ನೋವಿಗೆ ಎಂದು ಆಮೇಲೆ ಹೇಳಿದರು, ನಾನು ನಂಬಿಲ್ಲ.

ಪರೀಕ್ಷೆಯ ಹಿಂದಿನ ದಿನದವರೆಗೂ ಹೀಗೇ ನಡೆಯಿತು. ದಿನದಿನಕ್ಕೆ ನಾರಾಯಣನ ಕೂಗು ಕಡಿಮೆಯಾಯಿತು, ಗೋಡೆ ದೂರವೇ ಉಳಿಯಿತು. ಕೋಪ ಬಿಟ್ಟ ಸುದ್ದಿಯನ್ನು ಈ ಸಲ ಇವರು ಯಾರಿಗೂ ಹೇಳಿಕೊಂಡು ತಿರುಗಲಿಲ್ಲ. ಅಜ್ಜ ಪಾಠದಲ್ಲಿ ಕೇಳಿದಾಗ, "ಇನ್ನೂ ಬಿಡ್ತಾ ಇದೀನಿ ಅಜ್ಜ" ಎಂದಷ್ಟೇ ಹೇಳಿ ಕುಳಿತರು. ಎರಡನೇ ಪರೀಕ್ಷೆಯಲ್ಲಿ ಅಕ್ಕ ಬಿಳಿ ಗೆರೆಯ ಮೇಲೆ, ಬೆಣ್ಣೆಯ ಮೇಲೆ ಕೈಯಿಟ್ಟ ಹಾಗೆ ನಿಲ್ಲಿಸಿದರು.

ಶಾಲೆ ತೆರೆದ ಬೆಳಿಗ್ಗೆ, ಮೊದಲ ಮಗುವಿನ ಮನೆಯವರೆಗೆ ಅಕ್ಕನ ಜೊತೆ ನಾವೂ ವ್ಯಾನಿನ ಹಿಂದೆ ಕುಳಿತು ಹೊರಟೆವು. ಮಾರುಕಟ್ಟೆ ದಾಟಿತು, ಇಳಿಜಾರು ದಾಟಿತು. ಲಾರಿಯೊಂದು ಪಕ್ಕದಲ್ಲೇ ಭರ್ರೆಂದು ಹೋಯಿತು. ಇವರಿಂದ ಒಂದು ಮಾತಿಲ್ಲ.

"ಏನೇ ಅದು? ಬೈಯೋದೂ ಇಲ್ಲ, ನಾರಾಯಣನೂ ಇಲ್ಲ. ಏನ್ಮಾಡ್ತಿದಾನೆ ಅವ್ನು?" ಎಂದು ಅಕ್ಕ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದರು.

ನಾನು ತಿರುಗಿ ನೋಡಿದೆ. ಬೇರೆಯವರು ಓಡಿಸುವ ಗಾಡಿಯಲ್ಲಿ ಇವರು ಕಣ್ಣು ಮುಚ್ಚಿದ್ದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

"ನಿದ್ದೆ ಮಾಡ್ತಿದಾರೆ ಅಕ್ಕ," ಎಂದೆ.

ಮುಂದೆ ರಸ್ತೆಯಲ್ಲಿ ಒಂದು ಹಂಪ್ ಇತ್ತು. ಅಕ್ಕ ತಮ್ಮನಿಗೆ ಎಚ್ಚರವಾಗದಷ್ಟು ಮೆಲ್ಲಗೆ ಅದರ ಮೇಲೆ ವ್ಯಾನು ದಾಟಿಸಿದರು.