ಟೀವಿಯಲ್ಲಿ ನಡೆದ ಲುಂಗಿ

ಲುಂಗಿಯ ಬಗ್ಗೆ ನನ್ನಷ್ಟು ಗಂಭೀರವಾಗಿ ಯೋಚಿಸಿದ ಹೆಂಗಸು ಹೊನ್ನಾವರ ತಾಲ್ಲೂಕಿನಲ್ಲಿ ಇನ್ನೊಬ್ಬಳು ಇರಲಿಕ್ಕಿಲ್ಲ. ಅದು ನನ್ನ ತಪ್ಪಲ್ಲ. ಎರಡು ಸಾವಿರದ ಇಸವಿ ಕಳೆದ ಹೊಸತು. ಕುಮಟೆಯಲ್ಲಿ ಮೂರು ತಿಂಗಳು ಅನಿಮೇಶನ್ ಕಲಿತು ಬಂದ ನನ್ನನ್ನು ಹೊನ್ನಾವರದ ಕೇಬಲ್ ಆಫೀಸಿನವರು ಜಾಹೀರಾತು ಮಾಡಲು ಇಟ್ಟುಕೊಂಡಿದ್ದರು. ಮೊದಲ ಗಿರಾಕಿ ಬಟ್ಟೆ ಅಂಗಡಿಯ ಪ್ರಭು ಮಾಮ.

"ನಮ್ಮ ಚೌಕಳಿ ಲುಂಗಿ ಟೀವೀಲಿ ನಡೀಬೇಕು ನೋಡು ತಂಗಿ," ಅಂದರು.

"ಲುಂಗಿ ಉಟ್ಟವನು ನಡೆದ್ರೆ ಸಾಕಾ ಮಾಮ?"

"ಅವ ನಡೆದ್ರೆಷ್ಟು, ಬಿಟ್ರೆಷ್ಟು! ಲುಂಗಿ ಕಾಣ್ಬೇಕು."

ಚೌಕಳಿ ಅಂದರೆ ಸಮಾಂತರ ಗೆರೆಗಳ ದೊಡ್ಡ ಸಂಸಾರ. ಎರಡು ಗೆರೆಗಳು ಅಕ್ಕಪಕ್ಕದಲ್ಲೇ ಇದ್ದು ಕೊನೆತನಕ ಒಂದನ್ನೊಂದು ಮುಟ್ಟದಿದ್ದರೆ ಶಾಲೆಯಲ್ಲಿ ಅದಕ್ಕೆ ರೇಖಾಗಣಿತ ಅನ್ನುತ್ತಾರೆ. ನಮ್ಮ ಕೇರಿಯಲ್ಲಿ ಬೇಲಿ ಜಗಳ ಅನ್ನುತ್ತಾರೆ. ಮೌಸ್ ಹಿಡಿದು ಎಳೆದರೆ ನನ್ನ ಗೆರೆ ಬಸವನಹುಳು ಹರಿದ ಹಾಗೆ ಆಗುತ್ತಿತ್ತು. ಶಿಫ್ಟ್ ಕೀ ಒತ್ತಿ ಹಿಡಿದರೆ ಮಾತ್ರ ಮರ್ಯಾದೆಯಿಂದ ನೆಟ್ಟಗೆ ನಿಲ್ಲುತ್ತಿತ್ತು. ಒಂದು ಗೆರೆ ಎಳೆದು, ಅದನ್ನೇ ಕಾಪಿ ಮಾಡಿ, ಬಾಣದ ಕೀಲಿಯನ್ನು ಎಣಿಸಿ ಹತ್ತು ಸಲ ಕುಟ್ಟಿ ಪಕ್ಕಕ್ಕೆ ಸರಿಸಿದೆ. ಹೀಗೆ ಉದ್ದಕ್ಕೆ ಹನ್ನೆರಡು, ಅಡ್ಡಕ್ಕೆ ಹನ್ನೆರಡು.

ಮರುದಿನ ಮಾಮ ಹೊಸ ಲುಂಗಿಯೊಂದನ್ನು ತಂದು ಮಾನಿಟರಿನ ಪಕ್ಕಕ್ಕೆ ಹಿಡಿದು ತಾಳೆ ನೋಡಿದರು. "ಹಸಿರು ಗೆರೆ ಪಕ್ಕ ಸಣ್ಣ ಬಿಳಿ ಗೆರೆ ಅದೆ. ನಿನ್ನದ್ರಲ್ಲಿ ಎಲ್ಲಿ ಅದೆ?" ಮತ್ತೆ ಕುಟ್ಟಿದೆ.

ಕೊನೆಗೆ ಓಡಿಸಿ ತೋರಿಸಿದಾಗ ನಾನು ಬರೆದ ಮನುಷ್ಯ ಪರದೆಯ ಮೇಲೆ ನಡೆದ, ಬಟ್ಟೆಯೂ ನಡೆಯಿತು. ಗೆರೆಗಳು ಮಾತ್ರ ಇದ್ದಲ್ಲೇ ನಿಂತವು. ಅವನ್ನು ಬಟ್ಟೆಗೆ ಅಂಟಿಸುವುದನ್ನೇ ಮರೆತಿದ್ದೆ.

"ಇವ ಎಂತಕೆ ಕಂಬಿ ಎಣಿಸ್ತಾ ಇದ್ದಾನೆ?" ಅಂದರು ಕೇಬಲ್ ಆಫೀಸಿನ ಯಜಮಾನರು. ಮಾಮನ ಮುಖ ಸಪ್ಪಗಾಯಿತು. "ಶನಿವಾರದೊಳಗೆ ಆಗದಿದ್ರೆ ನೀನೂ ಮನೆಗೆ, ಲುಂಗಿಯೂ ಮನೆಗೆ," ಅಂತ ಯಜಮಾನರು ನನಗೆ ಖಡಾಖಂಡಿತವಾಗಿ ಹೇಳಿದರು.

ಅಂಟಿಸಿದೆ. ಈಗ ಬಟ್ಟೆ ಒಂದಿಷ್ಟೂ ಬಾಗದೆ, ಅವನು ಬಾಗಿಲು ಸುತ್ತಿಕೊಂಡು ಹೊರಟವನ ಹಾಗೆ ಕಂಡ. ಮಾಮನಿಗೆ ತಡೆಯಲಾಗಲಿಲ್ಲ. "ನಡೆಯೋದು ಹಿಂಗಲ್ಲ, ಇಲ್ಲಿ ನೋಡು!" ಎಂದು ಪ್ಯಾಂಟಿನ ಮೇಲೇ ಲುಂಗಿ ಸುತ್ತಿಕೊಂಡು ಬಾಗಿಲಿಂದ ನೀರಿನ ಕೊಡದ ತನಕ ನಡೆದರು. ನಾನು ಪೆನ್ಸಿಲ್ ಹಿಡಿದು ಅವರ ಮೊಣಕಾಲನ್ನೇ ನೋಡುತ್ತ ಕುಳಿತೆ. ಹೆಜ್ಜೆ ಎತ್ತಿದರೆ ಚೌಕ ಓರೆಯಾಗುತ್ತದೆ, ಇಟ್ಟರೆ ಮತ್ತೆ ಚೌಕ. "ಇನ್ನೊಂದ್ಸಲ ಮಾಮ, ನಿಧಾನ," ಅನ್ನುತ್ತಿದ್ದೆ. ಚಾನೆಲ್ ಬರುವುದಿಲ್ಲ ಎಂದು ಜಗಳಕ್ಕೆ ಬಂದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ಒಂದು ಗಳಿಗೆ ನೋಡಿ, ಬಂದ ದಾರಿಯಲ್ಲೇ ವಾಪಸು ಹೋದಳು.

ಶನಿವಾರ ಬಂತು. ಮಾಮನೂ ಯಜಮಾನರೂ ಮಾನಿಟರಿನ ಮುಂದೆ ಬಂದು ಕುಳಿತರು. ಲುಂಗಿ ನಡೆಯಿತು. ಗೆರೆಗಳು ಬೇಕಾದಲ್ಲಿ ಬಾಗಿದವು, ಬೇಕಾದಲ್ಲಿ ನೆಟ್ಟಗಾದವು, ಒಂದೂ ತಪ್ಪಿಸಿಕೊಳ್ಳಲಿಲ್ಲ. ಮಾಮ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಗೆರೆ ಸರಿ ಅದೆ," ಅಂದರು. ಆಮೇಲೆ ಮೆಲ್ಲಗೆ, "ಆದ್ರೆ ತಂಗಿ, ಇವಂಗೆ ಬಾಯೆಲ್ಲಿ?"

ಮೂವರೂ ಬಗ್ಗಿ ನೋಡಿದೆವು. ಹೌದು. ಎರಡು ವಾರ ಅವನ ಸೊಂಟದಿಂದ ಮೇಲಕ್ಕೆ ಯಾರ ಕಣ್ಣೂ ಹೋಗಿರಲಿಲ್ಲ. ಮೂಗಿನ ಕೆಳಗೆ ಕೈಗೆ ಬಂದ ಹಾಗೆ ಒಂದು ಡೊಂಕು ಗೆರೆ ಗೀಚಿದೆ. ಅವನು ನಕ್ಕ.

"ಆತು," ಅಂದರು ಮಾಮ. "ಹಾಕು."

ಸಂಜೆ ಮನೆಯಲ್ಲಿ ಜಾಹೀರಾತು ಬಂದಾಗ ಅಮ್ಮನನ್ನು ಅಡುಗೆಮನೆಯಿಂದ ಎಳೆದುಕೊಂಡು ಬಂದೆ. ಅವಳು ಸೌಟು ಹಿಡಿದುಕೊಂಡೇ ಕಣ್ಣು ಕೀಲಿಸಿ ನೋಡಿದಳು.

"ಹುಡ್ಗ ಚಲೋ ಇದ್ದಾನೆ. ನಗು ಎಷ್ಟು ಚಂದ! ಯಾರ ಮನೆಯಂವ?"

"ಅದಿರಲಿ ಅಮ್ಮ, ಲುಂಗಿ ಹೆಂಗಿತ್ತು?"

"ಲುಂಗಿ ಉಟ್ಟಿದ್ನಾ?" ಅಂದಳು.